ಪಡಸಾಲಿಯೇ ಸಾಲಿ ಆಗಿದ್ದಾಗ

ನನ್ನ ಆಫೀಸಿನ ಗೆಳೆಯನೊಬ್ಬ ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸ್ತಿದಾನೆ. 'ಹೋಮ್ ಸ್ಕೂಲಿಂಗ್' ಅಂತೆ. ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಮೀಟಿಂಗ್ ನಡುವೆ ಲೆಕ್ಕ, ಅಡುಗೆ ನಡುವೆ ಕಾಗುಣಿತ. ಊರಿಗೆ ಹೋದಾಗ ಅವ್ವನಿಗೆ ಇದನ್ನ ಹೇಳಿದೆ. ಅವ್ವ ನಕ್ಕು, "ಅದರಾಗೇನು ಹೊಸಾದು? ನಿಮ್ಮ ಮುತ್ಯಾ ಕಲತದ್ದು ಹಂಗೇ ಅಲ್ಲೇನು?" ಅಂದಳು. ಆಗಿನಿಂದ ಇದು ತಲೆಯಲ್ಲಿ ಕೊರೀತಾ ಇದೆ, ಬರೆದುಬಿಡೋಣ ಅಂತ ಕೂತಿದ್ದೇನೆ.

ನಮ್ಮದು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ. ಆಳಂದ, ಅಫಜಲಪುರ, ಜೇವರ್ಗಿ ಎಲ್ಲ ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಮನೆಯ ಮಾತು ಕನ್ನಡ, ಕಚೇರಿಯ ಮಾತು ಉರ್ದು. 1880ರ ದಶಕದಲ್ಲಿ ಫಾರ್ಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂತು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠಗಳೂ ಉರ್ದುವಿನಲ್ಲೇ. ಭಾರತೀಯ ಭಾಷೆಯೊಂದರಲ್ಲಿ ಮೇಲಿನ ಹಂತದ ಓದು ಕೊಟ್ಟಿದ್ದು ದೊಡ್ಡ ಕೆಲಸವೇ, ಒಪ್ಪಬೇಕು. ಆದರೆ ಅದು ಭೀಮಾ ತೀರದ ಮಕ್ಕಳ ಭಾಷೆ ಆಗಿರಲಿಲ್ಲ. ಕಾಗದದ ಮೇಲೆ ಕೆಳಗಿನ ತರಗತಿಗಳಲ್ಲಿ ತಾಯ್ನುಡಿಗೆ ಜಾಗ ಇತ್ತು. ಮುಂದೆ ಓದಬೇಕೆಂದರೆ ಉರ್ದು ಬೇಕೇ ಬೇಕು. ಸಾಲದ್ದಕ್ಕೆ ಖಾಸಗಿ ಶಾಲೆ ತೆರೆಯಲೂ ಸರ್ಕಾರದ ಪರವಾನಗಿ ಬೇಕಿತ್ತು. ಸಭೆ ಸೇರೋದಕ್ಕೂ ಮೊದಲೇ ಅನುಮತಿ ಕೇಳಬೇಕೆಂಬ 'ಗಸ್ತಿ ನಿಶಾನ್ 53' ಹೆಸರನ್ನ ನೀವೂ ಕೇಳಿರಬಹುದು.

ಹಾಗಾಗಿ ಕನ್ನಡ ಮನೆಯೊಳಗೆ, ಮಠದೊಳಗೆ ಉಳೀತು. ಗುಲ್ಬರ್ಗಾ ನಗರದಲ್ಲಿ 1907ರಲ್ಲೇ ನೂತನ ವಿದ್ಯಾಲಯ ಶುರುವಾಗಿತ್ತು, ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು 1930ರ ದಶಕದಲ್ಲಿ ಹೆಣ್ಣುಮಕ್ಕಳಿಗೇ ಅಂತ ಶಾಲೆ ತೆಗೆದರು. ಹಳ್ಳಿಗೆ ಇವೆಲ್ಲ ದೂರ.

ನಮ್ಮ ಮನೆಯ ಪಡಸಾಲೆಯಲ್ಲಿ ಒಬ್ಬ ಐನೋರು ಬಂದು ಕೂರ್ತಿದ್ದರಂತೆ. ಮುತ್ಯಾ ಮತ್ತೆ ಓಣಿಯ ಏಳೆಂಟು ಗಂಡು ಹುಡುಗರು. ನೆಲದ ಮೇಲೆ ಉಸುಕು ಹರವಿ ಬೆರಳಿನಿಂದ 'ಓಂ ನಮಃ ಶಿವಾಯ' ತಿದ್ದೋದು ಮೊದಲ ಪಾಠ. ಆಮೇಲೆ ಮಗ್ಗಿ. ಬರೀ ಎರಡೊಂದ್ಲ ಎರಡಲ್ಲ, ಕಾಲಿನ ಮಗ್ಗಿ ಪಾವಕಿ, ಒಂದೂಕಾಲಿನ ಮಗ್ಗಿ ಸವಾಕಿ, ಒಂದೂವರೆಯ ಮಗ್ಗಿ ದೀಡಕಿ. ಎಲ್ಲ ಬಾಯಿಪಾಠ. ಎಂಜಿನಿಯರಿಂಗ್ ಓದಿದ ನನಗೆ ಇವತ್ತಿಗೂ ಅದು ಬಾರದು :-)

ಗಡಿಯಾರ ನೋಡಿ ನಡೆಯುವ ಶಾಲೆ ಅದಲ್ಲ. ಬೆಳಿಗ್ಗೆ ದನ ಬಿಡೋಕೆ ಮುಂಚೆ ಒಂದಿಷ್ಟು, ರಾತ್ರಿ ಕಂದೀಲು ಹಚ್ಚಿ ಒಂದಿಷ್ಟು. ಜೋಳದ ಸುಗ್ಗಿ ಬಂತೆಂದರೆ ಪಾಠ ಬಂದ್. ಐನೋರಿಗೆ ಸಂಬಳ ಅಂದರೆ ಸುಗ್ಗಿಯಲ್ಲಿ ಜೋಳ, ತೊಗರಿ, ಮತ್ತೆ ದಿನದ ಊಟ. ಆ ಊಟ ಮಾಡಿ ಹಾಕ್ತಿದ್ದವಳು ಮುತ್ಯಾನ ಅವ್ವ. ನಸುಕಿನಲ್ಲಿ ಎದ್ದು ಬೀಸಿ, ಹೊಲಕ್ಕೆ ಬುತ್ತಿ ಕಟ್ಟಿ, ಐನೋರಿಗೂ ಹುಡುಗರಿಗೂ ರೊಟ್ಟಿ ಬಡಿದು ಆ ಸಾಲಿ ನಡೆಸಿದ್ದು ಆಕೆಯೇ ಅಂತ ನನಗೀಗ ಅನ್ನಿಸತ್ತೆ. ಆಕೆಗೆ ಮಾತ್ರ ಓದೋಕೆ ಬರ್ತಿರಲಿಲ್ಲ. ಶ್ರಾವಣದಲ್ಲಿ ಮಠದಲ್ಲಿ ಹಚ್ಚುತ್ತಿದ್ದ ಪುರಾಣ ಕೇಳಿ ಕೇಳಿಯೇ ಕತೆಗಳೆಲ್ಲ ಗೊತ್ತಿತ್ತಂತೆ.

ಕೊನೆಗೆ ಮುತ್ಯಾ ಸರ್ಕಾರಿ ಶಾಲೆಗೂ ಹೋದರು. ಹಗಲು ಅಲಿಫ್ ಬೇ, ರಾತ್ರಿ ಅ ಆ. ಉರ್ದು ಅವರಿಗೆ ಹೇರಿಕೆ ಅಂತ ಅನಿಸಿತೋ ಇಲ್ಲವೋ, ಮುದುಕರಾದ ಮೇಲೂ ರೇಡಿಯೋದಲ್ಲಿ ಮುಶಾಯಿರಾ ಬಂದರೆ ಯಾರೂ ಮಾತಾಡುವ ಹಾಗಿರಲಿಲ್ಲ. 1947-48ರ ರಜಾಕಾರರ ಗಲಾಟೆಯಲ್ಲಿ ಈ ಸೀಮೆಯ ಎಷ್ಟೋ ಕುಟುಂಬಗಳು ಗಡಿ ದಾಟಿ ಸೊಲ್ಲಾಪುರದ ಕಡೆ ಹೋದವು. ನಮ್ಮವರೂ ಹೋದರು, ಪಡಸಾಲೆಯ ಪಾಠ ಅಲ್ಲಿಗೆ ನಿಂತಿತು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗೀತು. ಮರುವರ್ಷವೇ ಗುಲ್ಬರ್ಗಾದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ, ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ. ಕಚೇರಿಯ ಭಾಷೆ ಬದಲಾದಾಗ ಮುತ್ಯಾನ ಕೈ ಹಿಡಿದದ್ದು ಶಾಲೆಯ ಸರ್ಟಿಫಿಕೇಟ್ ಅಲ್ಲ, ಉಸುಕಿನ ಮೇಲೆ ತಿದ್ದಿದ ಅಕ್ಷರ. ಕನ್ನಡ ಬರೆಯೋಕೆ ಬರುತ್ತೆ ಅಂತಲೇ ಅವರಿಗೆ ಒಂದು ಸಣ್ಣ ನೌಕರಿ ಸಿಕ್ಕಿತು.

ಇಲ್ಲಿಗೆ ಮುಗಿಸಿದ್ದರೆ ಮನೆಪಾಠದ ಹೊಗಳಿಕೆ ಆಗ್ತಿತ್ತು. ಆದರೆ ಮುತ್ಯಾಗೆ ಒಬ್ಬ ಅಕ್ಕ ಇದ್ದಳು, ನಾವು ಆಯಿ ಅಂತಿದ್ವಿ. ಐನೋರು ಪಾಠ ಮಾಡುವಾಗ ಆಕೆ ಒಳಗೆ ಬಾಗಿಲ ಮರೆಯಲ್ಲಿ ತಮ್ಮನ ಕೂಸನ್ನಲ್ಲ, ಸ್ವಂತ ತಮ್ಮಂದಿರಲ್ಲೇ ಸಣ್ಣವನನ್ನು ತೊಡೆ ಮೇಲೆ ಹಾಕ್ಕೊಂಡು ಕೂರ್ತಿದ್ದಳಂತೆ. ಮನೆಯಲ್ಲೇ ಶಾಲೆ ಇದ್ದೂ ಆಕೆ ಅದರ ವಿದ್ಯಾರ್ಥಿ ಅಲ್ಲ. ಮಗ್ಗಿ ಮಾತ್ರ ಗೋಡೆ ದಾಟಿ ಬಂತು, ಯಾಕಂದ್ರೆ ಅದನ್ನ ಕೂಗಿ ಹೇಳ್ತಿದ್ದರು. ಅಕ್ಷರ ಉಸುಕಿನ ಮೇಲೆ ಇತ್ತು, ಅದು ಕಿವಿಗೆ ಬೀಳಲಿಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ದೇಶದ ಮೊದಲ ಸಾವು ವರದಿಯಾಗಿದ್ದು ನಮ್ಮ ಕಲಬುರಗಿಯಲ್ಲೇ. ಶಾಲೆಗಳು ಮುಚ್ಚಿದವು. ಆ ಆಗಸ್ಟ್‌ನಲ್ಲಿ 'ವಿದ್ಯಾಗಮ' ಅಂತ ಮಾಡಿ ಮೇಷ್ಟ್ರುಗಳು ಗುಡಿ ಕಟ್ಟೆ, ಮರದ ನೆರಳಿಗೇ ಹೋಗಿ ಪಾಠ ಹೇಳಿದರು. ಸೋಂಕು ಹರಡೀತೆಂಬ ಆತಂಕದಲ್ಲಿ ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಿದರು. ಆಗ ನಮ್ಮೂರಿನ ಎಷ್ಟು ಹುಡುಗಿಯರು ಸಣ್ಣ ತಮ್ಮನನ್ನು ತೊಡೆ ಮೇಲೆ ಹಾಕ್ಕೊಂಡು ಮೊಬೈಲ್ ತಮ್ಮನ ಅಣ್ಣನ ಕೈಗೆ ಕೊಟ್ಟು ಕೂತಿದ್ದರೋ... ನಾನಂತೂ ಆ ಹೊತ್ತಿಗೆ ಬೆಂಗಳೂರಿನ ಲ್ಯಾಪ್‌ಟಾಪ್ ತಂದು ಅದೇ ಪಡಸಾಲೆಯಲ್ಲಿ ಕೂತು ಕೆಲಸ ಮಾಡ್ತಿದ್ದೆ.

ನನಗೆ ಹತ್ತು ವರ್ಷ ಇದ್ದಾಗ ಕ್ಯಾಲ್ಕ್ಯುಲೇಟರ್ ಹಿಡಿದು ಆಯಿಯನ್ನ ಪರೀಕ್ಷೆ ಮಾಡ್ತಿದ್ದೆ. "ಆಯಿ, ಹದಿನೇಳು ದೀಡ ಎಷ್ಟು?" ನಾನು ಗುಂಡಿ ಒತ್ತೋಕೆ ಮುಂಚೆ "ಇಪ್ಪತ್ತೈದೂವರಿ" ಅಂತಿದ್ದಳು. ಒಮ್ಮೆ ಪಿಂಚಣಿ ಕಾಗದ ಬಂತು. ಅದರ ಮೇಲಿನ ಮೊತ್ತದ ಲೆಕ್ಕ ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ತನ್ನ ಹೆಸರು ಎಲ್ಲಿದೆ ಅಂತ ನನ್ನನ್ನೇ ಕೇಳಿ, ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದಳು.