ನಲವತ್ತು ಪ್ರಯೋಗಗಳ ಪಟ್ಟಿ

ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗರಿಗೆ ನಾವು ಮೊದಮೊದಲು ಕೊಡುವ ಪ್ರಯೋಗಗಳಲ್ಲಿ ಲೋಲಕದ ಪ್ರಯೋಗವೂ ಒಂದು. ದಾರಕ್ಕೆ ಗುಂಡೊಂದನ್ನು ಕಟ್ಟಿ ತೂಗಬಿಟ್ಟು, ಅದರ ತೂಗಾಟದ ಕಾಲವನ್ನಳೆದು, ಭೂಮಿಯ ಗುರುತ್ವದ ಬೆಲೆಯನ್ನು ಗಣಿಸಬೇಕು. ಒಂದು ವರ್ಷ ರಿಕಾರ್ಡು ಪುಸ್ತಕಗಳನ್ನು ತಿದ್ದಲು ಕುಳಿತಾಗ ಹೆಚ್ಚುಕಡಮೆ ಎಲ್ಲರ ಉತ್ತರವೂ 981 ಎಂದೇ ಇದ್ದುದನ್ನು ಕಂಡೆವು. ಸೆಂಟಿಮೀಟರು ಸೆಕೆಂಡುಗಳ ಲೆಕ್ಕದಲ್ಲಿ 981 ಎಂಬುದು ಲಂಡನ್ ನಗರದ ಸುತ್ತಣ ಬೆಲೆ, ಪಠ್ಯಪುಸ್ತಕಗಳಲ್ಲಿ ಅಚ್ಚಾಗಿರುವ ಬೆಲೆ. ಮೈಸೂರಿನ ನೆಲದಲ್ಲಿ ಅದು 978ರ ಸಮೀಪ. ಒಬ್ಬನಿಗೆ 970, ಮತ್ತೊಬ್ಬನಿಗೆ 990 ಬಂದಿದ್ದರೆ ನಮಗೆ ಸಂತೋಷವಾಗುತ್ತಿತ್ತು. ಅವರು ನಿಜವಾಗಿಯೂ ಅಳೆದಿದ್ದರೆಂದು ತಿಳಿಯುತ್ತಿತ್ತು.

ಈ ದೋಷ ನಮ್ಮ ನಾಡಿಗೆ ಮಾತ್ರ ಅಂಟಿದುದಲ್ಲ. ಶಾಲೆಯ ವಿಜ್ಞಾನಪಾಠವನ್ನು ಹೊಸ ಮಟ್ಟಕ್ಕೆ ಏರಿಸಲು ಹೊರಟವರ ಉತ್ಸಾಹವೂ ಅವರಿಗೊದಗಿದ ನಿರಾಶೆಯೂ ಅಮೆರಿಕ ದೇಶದ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಆ ಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಅಲ್ಲಿನ ಹೈಸ್ಕೂಲುಗಳಲ್ಲಿ ಭೌತವಿಜ್ಞಾನದ ಪಾಠವೆಂದರೆ ಬಹುಮಟ್ಟಿಗೆ ಪುಸ್ತಕದ ವಾಕ್ಯಗಳನ್ನು ಉರುಹೊಡೆದು ಒಪ್ಪಿಸುವುದೇ ಆಗಿತ್ತು. ಉಪಾಧ್ಯಾಯರು ಎಂದಾದರೊಂದು ದಿನ ಯಾವುದಾದರೂ ಉಪಕರಣವನ್ನು ಮೇಜಿನ ಮೇಲಿಟ್ಟು ತೋರಿಸಿದರೆ ಅಂದು ತರಗತಿಗೆ ಹಬ್ಬ. 1869ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷಪದವಿಗೆ ಬಂದ ಚಾರ್ಲ್ಸ್ ಎಲಿಯಟ್ಟರು ರಸಾಯನಶಾಸ್ತ್ರವನ್ನು ಬೋಧಿಸಿದ್ದವರು. ವಿದ್ಯಾರ್ಥಿ ತನ್ನ ಕೈಯಿಂದಲೇ ಪ್ರಯೋಗಮಾಡಿ ಕಲಿಯಬೇಕೆಂಬುದು ಅವರ ದೃಢವಾದ ಮತ.

ಆ ಮತವು 1886-87ರ ಸುಮಾರಿನಲ್ಲಿ ಭೌತವಿಜ್ಞಾನದಲ್ಲಿ ಕಾರ್ಯರೂಪಕ್ಕೆ ಬಂದಿತು. ಕಾಲೇಜಿಗೆ ಬರಲಿಚ್ಛಿಸುವವರು ಪುಸ್ತಕದ ಓದಿಗೆ ಬದಲಾಗಿ ಶಾಲೆಯಲ್ಲಿಯೇ ನಲವತ್ತು ಪ್ರಯೋಗಗಳನ್ನು ಮಾಡಿ ಬರಬಹುದೆಂದು ಹಾರ್ವರ್ಡ್ ಗೊತ್ತುಮಾಡಿತು. ಪಟ್ಟಿಯನ್ನು ಸಿದ್ಧಗೊಳಿಸಿದವರು ಎಡ್ವಿನ್ ಹಾಲ್. ಕಾಂತಕ್ಷೇತ್ರದಲ್ಲಿಟ್ಟ ಲೋಹದ ತೆಳುಹಾಳೆಯಲ್ಲಿ ವಿದ್ಯುತ್ತು ಹರಿಯುವಾಗ ಅದಕ್ಕೆ ಅಡ್ಡಲಾಗಿಯೂ ವಿದ್ಯುತ್ತಿನ ಒತ್ತಡ ತಲೆದೋರುವುದೆಂದು 1879ರಲ್ಲಿ ಕಂಡುಹಿಡಿದು ಹೆಸರಾದವರು ಅವರೇ. ಲೋಹದ ಸಾಂದ್ರತೆ, ಮಸೂರದ ಸಂಗಮದೂರ, ವಸ್ತುಗಳ ವಿಶಿಷ್ಟೋಷ್ಣ, ತಂತಿಯ ವಿದ್ಯುತ್‌ರೋಧ ಇಂಥವನ್ನು ವಿದ್ಯಾರ್ಥಿ ತಾನೇ ಅಳೆಯಬೇಕು. ಅಳತೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಪ್ರಯೋಗಶಾಲೆಯಲ್ಲಿಯೂ ಪರೀಕ್ಷೆಗೆ ನಿಲ್ಲಬೇಕು.

ಕಾಲೇಜಿನ ಬಾಗಿಲಲ್ಲಿ ಹಚ್ಚಿದ ಈ ಪಟ್ಟಿ ಊರೂರಿನ ಶಾಲೆಗಳನ್ನು ತಲಪಿತು. ಪ್ರಯೋಗದ ಕೊಠಡಿಗಳು ಎದ್ದುವು. ಉಪಕರಣದ ವ್ಯಾಪಾರಿಗಳು ಪಟ್ಟಿಗೆ ತಕ್ಕ ಸಾಮಾನುಗಳನ್ನು ಮಾಡಿ ಮಾರತೊಡಗಿದರು. ದೂರದಿಂದ ನೋಡುತ್ತಿದ್ದ ಉಪಕರಣವನ್ನು ಹುಡುಗರು ಕೈಗೆ ತೆಗೆದುಕೊಂಡರು. ಇದು ಸಾಮಾನ್ಯವಾದ ಉಪಕಾರವಲ್ಲ.

ಆದರೆ ಪಟ್ಟಿಗೆ ಇನ್ನೊಂದು ಮುಖವೂ ಉಂಟಾಯಿತು. 1892ರಲ್ಲಿ ಅಮೆರಿಕದ ರಾಷ್ಟ್ರೀಯ ಶಿಕ್ಷಣ ಸಂಘವು ಎಲಿಯಟ್ಟರ ಅಧ್ಯಕ್ಷತೆಯಲ್ಲಿ ಹತ್ತು ಮಂದಿಯ ಸಮಿತಿಯೊಂದನ್ನು ನೇಮಿಸಿತು. ಹೈಸ್ಕೂಲಿನ ಮಕ್ಕಳಲ್ಲಿ ಕಾಲೇಜಿಗೆ ಹೋಗುವವರು ಅತ್ಯಲ್ಪ ಮಂದಿ, ಆದುದರಿಂದ ಕಾಲೇಜಿಗೆ ಸಿದ್ಧಪಡಿಸುವುದು ಆ ಶಾಲೆಗಳ ಮುಖ್ಯೋದ್ದೇಶವಲ್ಲ ಎಂದು ಸಮಿತಿಯೇ ಒಪ್ಪಿತು. ಆದರೂ ಯಾವ ವಿಷಯವನ್ನೇ ಆಗಲಿ ಎಲ್ಲ ಮಕ್ಕಳಿಗೂ ಒಂದೇ ರೀತಿಯಲ್ಲಿ ಕಲಿಸಬೇಕೆಂದೂ ವಿಧಿಸಿತು. ಬಡವನ ಮಗನಿಗೆ ಕಡಮೆ ಪಾಠ ಬೇಡವೆಂಬ ಸದುದ್ದೇಶ ಅದರಲ್ಲಿತ್ತು. ಆದರೆ ಹಾರ್ವರ್ಡಿನ ಅಳತೆಗೆ ಹೊಲಿದ ಅಂಗಿಯನ್ನು ಎಲ್ಲರೂ ತೊಡಬೇಕಾಯಿತು. ಅಳತೆಯೇ ಪಾಠವಾಯಿತು. ಯಾತಕ್ಕಾಗಿ ಅಳೆಯುತ್ತೇವೆಂಬುದು ಎಷ್ಟೋ ಕಡೆ ಮರೆತುಹೋಯಿತು. ಬೆಳೆಯುವ ಮಕ್ಕಳ ಕುತೂಹಲಕ್ಕೆ ಈ ಬಿಗಿಯಾದ ಅಳತೆಗಳು ಒಗ್ಗವೆಂದು ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಹಾಲ್ ಆಕ್ಷೇಪಿಸಿದರು. 1890ರಲ್ಲಿ ಸಾರ್ವಜನಿಕ ಹೈಸ್ಕೂಲುಗಳ ನೂರು ಮಂದಿಯಲ್ಲಿ ಸುಮಾರು 23 ಮಂದಿ ಭೌತವಿಜ್ಞಾನವನ್ನು ಓದುತ್ತಿದ್ದರೆ, 1910ರ ವೇಳೆಗೆ ಆ ಸಂಖ್ಯೆ 15ರ ಆಸುಪಾಸಿಗೆ ಇಳಿದಿತ್ತು. ಶಾಲೆಗೆ ಬರುವವರೂ ಕಲಿಯಬಹುದಾದ ವಿಷಯಗಳೂ ಆಗ ಬಹಳ ಹೆಚ್ಚಿದ್ದುದರಿಂದ ದೋಷವನ್ನೆಲ್ಲ ಪಟ್ಟಿಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಆದರೂ ಅದು ಹೆಚ್ಚು ಮಂದಿಯನ್ನು ವಿಜ್ಞಾನದ ಕಡೆಗೆ ಸೆಳೆಯಲಿಲ್ಲವೆಂಬುದು ನಿಜ.

ಇದೇ ಕಥೆ ಮುಂದೆ ಇನ್ನೊಂದು ಸಲ ನಡೆಯಿತು. ಶಾಲೆಯ ಪಾಠ ಹಳತಾಯಿತೆಂದು 1956ರಲ್ಲಿ ಜೆರಾಲ್ಡ್ ಜಕಾರಿಯಸ್ ಎಂಬ ಭೌತವಿಜ್ಞಾನಿ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಪಂಡಿತರನ್ನೂ ಉಪಾಧ್ಯಾಯರನ್ನೂ ಕೂಡಿಸಿದರು. 1957ರ ಅಕ್ಟೋಬರ್ 4ರಂದು ರಷ್ಯದ ಸ್ಪುಟ್ನಿಕ್ ಆಕಾಶಕ್ಕೇರಿದ ಮೇಲೆ ಇಂಥ ಕೆಲಸಕ್ಕೆ ಹಣದ ಹೊಳೆಯೇ ಹರಿಯಿತು. 1960ರಲ್ಲಿ ಹೊರಬಂದ ಅವರ ಪುಸ್ತಕ ಗಂಭೀರವಾದುದು, ಸುಂದರವಾದುದು. ಆದರೆ ಸಾಧಾರಣ ವಿದ್ಯಾರ್ಥಿಗೆ ಕಠಿನವಾಯಿತೆಂಬ ದೂರು ಬಂದಿತು. ಕೊನೆಗೆ ನಲವತ್ತು ಪ್ರಯೋಗಗಳ ತವರಾದ ಹಾರ್ವರ್ಡಿನಲ್ಲಿಯೇ ಜೆರಾಲ್ಡ್ ಹೋಲ್ಟನ್, ಜೇಮ್ಸ್ ರದರ್ಫರ್ಡ್, ಫ್ಲೆಚರ್ ವಾಟ್ಸನ್ ಎಂಬ ಮೂವರು ಮತ್ತೊಂದು ಪಾಠಕ್ರಮವನ್ನು ರಚಿಸಿ 1970ರಲ್ಲಿ ಪ್ರಕಟಿಸಿದರು. ಗೆಲಿಲಿಯೋ, ನ್ಯೂಟನ್ ಮೊದಲಾದವರು ಹೇಗೆ ಯೋಚಿಸಿದರೆಂಬ ಚರಿತ್ರೆಯನ್ನೂ ಅದರಲ್ಲಿ ಸೇರಿಸಿದರು. ಇನ್ನೂ ಹೆಚ್ಚು ಮಂದಿ ಹುಡುಗರೂ ಹುಡುಗಿಯರೂ ಭೌತವಿಜ್ಞಾನಕ್ಕೆ ಬರಲೆಂಬುದು ಅವರ ಉದ್ದೇಶಗಳಲ್ಲೊಂದು.

2013ರಲ್ಲಿ ಅಮೆರಿಕದ ಹಲವು ರಾಜ್ಯಗಳು ಕೂಡಿ ಮತ್ತೆ ಹೊಸ ಮಟ್ಟಗಳನ್ನು ರಚಿಸಿದುವು. ಪ್ರಶ್ನೆ ಕೇಳುವುದು, ಅಳತೆಗಳನ್ನು ವಿಮರ್ಶಿಸುವುದು, ಆಧಾರಕೊಟ್ಟು ವಾದಿಸುವುದು ಇವೂ ಕಲಿಯಬೇಕಾದ ವಿದ್ಯೆಗಳೆಂದು ಅವು ಹೇಳುತ್ತವೆ. ಇದು ಹಾಲ್ ಅವರ ಪಟ್ಟಿಗಿಂತ ಮುಂದಿನ ಹೆಜ್ಜೆ. ಆದರೆ ಪರೀಕ್ಷೆ ಬದಲಾಗದೆ ಪಾಠ ಮಾತ್ರ ಬದಲಾದರೆ ಇವೂ ಉರುಹೊಡೆಯುವ ವಾಕ್ಯಗಳಾಗುವುದು ಕಷ್ಟವಲ್ಲ.

ನಮ್ಮ ತರಗತಿಯ ಮಾತಿಗೆ ಮರಳೋಣ. ಮುಂದಿನ ವಾರ ಪುಸ್ತಕಗಳನ್ನು ಮುಚ್ಚಿಸಿ ಅದೇ ಲೋಲಕವನ್ನು ಮತ್ತೆ ತೂಗಿಸಿದೆವು. ಉತ್ತರಗಳು 960ರಿಂದ 1000ದವರೆಗೆ ಚೆದರಿದುವು. ಏಕೆ ಹೀಗಾಯಿತು, ದಾರವನ್ನು ಎಲ್ಲಿಂದ ಎಲ್ಲಿಗೆ ಅಳೆದೆವು, ಎಣಿಕೆಯಲ್ಲಿ ತಪ್ಪಿದೆವೆ ಎಂಬ ಚರ್ಚೆ ಗಂಟೆ ಹೊಡೆದರೂ ಮುಗಿಯಲಿಲ್ಲ. ಆ ವರ್ಷದಲ್ಲಿ ನಾವು ಕಲಿಸಿದ ಅತ್ಯುತ್ತಮ ಪಾಠ ಅದೇ ಇರಬಹುದು. ಆದರೆ ಅಂಕಗಳನ್ನು ತುಂಬಿ ಕಳುಹಿಸುವ ಕಾಗದದಲ್ಲಿ ಅದಕ್ಕೆ ಜಾಗವಿರಲಿಲ್ಲ. ಪಾಠಕ್ರಮವನ್ನು ತಿದ್ದಲು ಕೂಡುವ ಮಹನೀಯರು ಮೊದಲು ಆ ಕಾಗದವನ್ನು ತಿದ್ದಲೆಂದು ಬೇಡುತ್ತೇವೆ.