ಮೂರು ಅಂಗುಲದ ಲೆಕ್ಕ

ಕಳೆದ ವಾರ ಮಗಳು ಅಮೆರಿಕದಿಂದ ಫೋನ್ ಮಾಡಿದ್ದಾಗ ಮಾತಿನ ನಡುವೆ, “ಅಪ್ಪಾ, ನಮ್ಮ ಹಳೆಯ ಬೀದಿಯ ಆ ಅಜ್ಜನ ಟ್ರಕ್ಕು ಈಗಲೂ ಭಾನುವಾರ ಹೊರಡುತ್ತದೆ, ಮೊನ್ನೆ ನೋಡಿದೆ” ಎಂದಳು. ಆ ಒಂದು ಮಾತಿನಿಂದ ಬಹಳ ದಿನಗಳಿಂದ ಬರೆಯಬೇಕೆಂದುಕೊಂಡು ಮುಂದೂಡುತ್ತಿದ್ದ ವಿಷಯವೊಂದು ನೆನಪಿಗೆ ಬಂದಿತು. ಇತಿಹಾಸದ ಮೇಷ್ಟರಿಗೂ ಹಳೆಯ ಟ್ರಕ್ಕಿಗೂ ಏನು ಸಂಬಂಧವೆಂದು ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ಸಂಬಂಧವಿದೆ, ಕೊನೆಯವರೆಗೆ ಓದಬೇಕೆಂದು ಕೋರುತ್ತೇನೆ.

2012ರಲ್ಲಿ ನಾನು ಮತ್ತು ನನ್ನಾಕೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಮಗಳ ಮನೆಯಲ್ಲಿ ಆರು ತಿಂಗಳು ಇದ್ದೆವು. ಎದುರುಮನೆಯಲ್ಲಿ ಮೆಕ್ಸಿಕನ್ ಮೂಲದ ಹಿರಿಯರೊಬ್ಬರಿದ್ದರು. ಆಯುಷ್ಯವೆಲ್ಲ ವೆಲ್ಡಿಂಗ್ ಕೆಲಸ ಮಾಡಿ ನಿವೃತ್ತರಾದವರು. ಅವರ ಷೆಡ್ಡಿನಲ್ಲಿ 1969ರ ಷೆವರ್ಲೆ ಸಿ-10 ಪಿಕಪ್ ಒಂದು ನಿಂತಿತ್ತು. ಒಂದು ಬೆಳಿಗ್ಗೆ ವಾಯುವಿಹಾರಕ್ಕೆ ಹೊರಟವನು ನೋಡುತ್ತೇನೆ, ಅವರೂ ಅವರ ಮಗನೂ ಸೇರಿ ಆ ಗಾಡಿಯ ಕ್ಯಾಬಿನ್ನಿನ ನೆಲವನ್ನು ಸುತ್ತಲೂ ಗ್ರೈಂಡರಿನಿಂದ ಕೊಯ್ಯುತ್ತಿದ್ದಾರೆ! ತುಕ್ಕು ಹಿಡಿದಿದ್ದ ನೆಲವೇನೂ ಅಲ್ಲ. “ಚೆನ್ನಾಗಿರುವ ಗಾಡಿಯನ್ನು ಕೈಯಾರೆ ಹಾಳು ಮಾಡುತ್ತಿದ್ದಾರಲ್ಲ” ಎಂದು ಮನೆಗೆ ಬಂದು ಗೊಣಗಿದೆ. ಮಗಳು ನಕ್ಕು, “ನೀವೇ ಹೋಗಿ ಕೇಳಿ” ಎಂದಳು. ಕೇಳಿದೆ. ನಾನು ಉಪಾಧ್ಯಾಯನಾಗಿದ್ದೆನೆಂದು ತಿಳಿದ ಮೇಲೆ ಅವರು ನನ್ನನ್ನು “ಮಾಯೆಸ್ತ್ರೋ” ಎಂದೇ ಕರೆದರು. ಸ್ಪ್ಯಾನಿಷ್ ಭಾಷೆಯಲ್ಲಿ ಶಾಲೆಯ ಮೇಷ್ಟರಿಗೂ, ಕೈಕೆಲಸದಲ್ಲಿ ಪಳಗಿದವರಿಗೂ ಅದೇ ಪದ. ಪೋರ್ಚುಗೀಸರಿಂದ ನಮಗೆ ಬಂದ ‘ಮೇಸ್ತ್ರಿ’ ಅದರ ದಾಯಾದಿ. ನಮ್ಮಿಬ್ಬರಲ್ಲಿ ನಿಜವಾದ ಮೇಸ್ತ್ರಿ ಅವರೇ.

ಮೊದಲು ಗಾಡಿಯ ರಚನೆಯನ್ನು ಹೇಳಿಬಿಡುತ್ತೇನೆ. ನಮ್ಮ ಕಡೆ ಲಾರಿ ಕೊಳ್ಳುವವರು ಬರಿಯ ಚಾಸಿಯನ್ನು ತಂದು, ಆಮೇಲೆ ಅದರ ಮೇಲೆ ಬಾಡಿ ಕಟ್ಟಿಸುತ್ತಿದ್ದುದನ್ನು ನೀವು ಕಂಡಿರುತ್ತೀರಿ. ಪಿಕಪ್ಪಿನ ರಚನೆಯೂ ಅಂಥದೇ. ಉದ್ದನೆಯ ಎರಡು ಉಕ್ಕಿನ ತೊಲೆಗಳು, ಅವನ್ನು ಹಿಡಿದಿಡುವ ಅಡ್ಡಪಟ್ಟಿಗಳು. ಏಣಿಯನ್ನು ಮಲಗಿಸಿದಂತೆ ಕಾಣುವ ಇದೇ ಚಾಸಿ. ಎಂಜಿನ್ನು, ಗೇರ್‌ಬಾಕ್ಸು, ಚಕ್ರಗಳು ಇದಕ್ಕೆ ಸೇರಿದವು. ಕ್ಯಾಬಿನ್ನೂ ಹಿಂದಿನ ತೊಟ್ಟಿಯೂ ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ ಬೇರೆ ಅಂಗಗಳು. ಫೋರ್ಡ್ ಕಂಪನಿ ತನ್ನ ಟಿ ಮಾದರಿಯ ಗಾಡಿಗೆ ಹಿಂದೆ ತೊಟ್ಟಿಯನ್ನು ಸೇರಿಸಿ, ಕಾರ್ಖಾನೆಯಲ್ಲೇ ಪೂರ್ಣಗೊಳಿಸಿದ ಪಿಕಪ್ಪನ್ನು 281 ಡಾಲರಿಗೆ ಮಾರತೊಡಗಿದ್ದು 1925ರಲ್ಲಿ. ಮೊದಲ ವರ್ಷದಲ್ಲೇ ಸುಮಾರು 34 ಸಾವಿರ ಗಾಡಿಗಳು ಹೋದವು. ರೈತನಿಗೆ, ಬಡಗಿಗೆ, ತೋಟದ ಕೂಲಿಯವನಿಗೆ ಬೇಕಾಗಿದ್ದ ಗಾಡಿ ಅದು. ಹೊಲದ ದಾರಿಯಲ್ಲಿ ಕಲ್ಲು ತಾಗದಿರಲೆಂದು ಅದನ್ನು ಎತ್ತರವಾಗಿಯೇ ಕಟ್ಟುತ್ತಿದ್ದರು.

ಹಾಗಿದ್ದಮೇಲೆ ಅದನ್ನು ತಗ್ಗಿಸುವ ಆಸೆ ಹುಟ್ಟಿದ್ದೆಲ್ಲಿ? ಅದು ಮೊದಲು ಹುಟ್ಟಿದ್ದು ವೇಗದ ಹಂಬಲದಲ್ಲಿ. 1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಯುವಕರು ಅಗ್ಗದ ಹಳೆಯ ಫೋರ್ಡ್‌ಗಳನ್ನು ಕೊಂಡು, ಮ್ಯುರಾಕ್, ಎಲ್ ಮಿರಾಜ್ ಮುಂತಾದ ಒಣಗಿದ ಸರೋವರಗಳ ಚಪ್ಪಟೆ ನೆಲದಲ್ಲಿ ಓಡಿಸುತ್ತಿದ್ದರು. ಅವರ ಕೂಟಗಳೆಲ್ಲ ಸೇರಿ 1937ರಲ್ಲಿ ಸಂಘವನ್ನೂ ಕಟ್ಟಿಕೊಂಡವು. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಗಾಳಿಗೆ ಎದುರಾಗುವ ಗಾತ್ರವನ್ನು ಕುಗ್ಗಿಸಲು ಅವರು ಬಾಡಿಯ ನೆಲವನ್ನು ಕೊಯ್ದು, ಬಾಡಿಯನ್ನು ಚಾಸಿಯ ಇಕ್ಕೆಲಗಳಲ್ಲಿ ಕೆಳಕ್ಕಿಳಿಸಿ, ನೆಲವನ್ನು ಒಳಗೆ ಎತ್ತರದಲ್ಲಿ ಮತ್ತೆ ಬೆಸೆದರು. ಅಂಗಿಯನ್ನು ಸೊಂಟದ ಕೆಳಗೆ ಎಳೆದುಕೊಂಡಂತೆ ಎಂದರೆ ಸುಲಭವಾಗಿ ಅರ್ಥವಾದೀತು. ‘ಚಾನಲಿಂಗ್’ ಎಂದು ಅದರ ಹೆಸರು.

ಎರಡನೆಯ ಮಹಾಯುದ್ಧದ ನಂತರ ಇದೇ ತಗ್ಗು ಬೇರೊಂದು ಜನಸಮುದಾಯದಲ್ಲಿ ಬೇರೊಂದು ಅರ್ಥ ಪಡೆಯಿತು. ಲಾಸ್ ಏಂಜಲೀಸ್ ಮೊದಲಾದ ನಗರಗಳ ಮೆಕ್ಸಿಕನ್ ಅಮೆರಿಕನ್ ಯುವಕರು ಕಾರುಗಳನ್ನು ತಗ್ಗಿಸಿ, ಬಣ್ಣ ಹಚ್ಚಿ, ವೇಗಕ್ಕೆ ಬದಲಾಗಿ ನಿಧಾನವನ್ನು ಆರಿಸಿಕೊಂಡರು. ಸಂಜೆಯ ಹೊತ್ತು ಪೇಟೆಬೀದಿಯಲ್ಲಿ ಎಲ್ಲರೂ ನೋಡುವಂತೆ ಮೆಲ್ಲನೆ ಸಾಗುವುದೇ ಅವರ ಸಂಭ್ರಮ. ಇವರಿಗೆ ‘ಲೋರೈಡರ್’ ಎಂಬ ಹೆಸರಾಯಿತು. 1958ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದ ವಾಹನ ಕಾನೂನಿನಲ್ಲಿ ಒಂದು ಕಲಮು ಜಾರಿಗೆ ಬಂದಿತು. ಅದರ ಪ್ರಕಾರ, ಮಾರ್ಪಡಿಸಿದ ವಾಹನದ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ತಗ್ಗಿನಲ್ಲಿ ಇರಕೂಡದು. ಇದರಲ್ಲಿ ತರ್ಕವಿಲ್ಲವೆನ್ನಲಾಗದು. ಟೈರು ಒಡೆದರೆ ಗಾಡಿ ರಿಮ್ಮಿನ ಮೇಲೆ ನಿಲ್ಲಬೇಕೇ ಹೊರತು ರಸ್ತೆಯ ಮೇಲೆ ಕುಸಿಯಬಾರದು. ಆದರೆ ಬೀದಿಯಲ್ಲಿ ಗಾಡಿ ನಿಲ್ಲಿಸಿ ಬಗ್ಗಿ ನೋಡುವ ಅಧಿಕಾರ ಯಾರ ಮೇಲೆ ಹೆಚ್ಚಾಗಿ ಚಲಾವಣೆಯಾಗುತ್ತಿತ್ತೆಂಬುದು ನನ್ನ ನೆರೆಯವರಿಗೆ ಅನುಭವದಿಂದಲೇ ಗೊತ್ತಿತ್ತು. ಇಪ್ಪತ್ತನೆಯ ವಯಸ್ಸಿನಲ್ಲಿ ಮೂರು ಸಲ ದಂಡ ಕಟ್ಟಿದ್ದರಂತೆ.

ಕಾನೂನಿಗೆ ಉತ್ತರವೂ ಬೇಗನೆ ಬಂತು. ರಾನ್ ಅಗೀರೆ ಎಂಬ ಯುವಕ 1959ರಲ್ಲಿ ತನ್ನ ಕಾರ್ವೆಟ್ ಕಾರಿಗೆ ಹಳೆಯ ವಿಮಾನಗಳ ಹೈಡ್ರಾಲಿಕ್ ಪಂಪುಗಳನ್ನು ಜೋಡಿಸಿದ. ಸ್ವಿಚ್ಚು ಒತ್ತಿದರೆ ಕಾರು ಏಳುತ್ತಿತ್ತು, ಮತ್ತೆ ಒತ್ತಿದರೆ ಕೂರುತ್ತಿತ್ತು. ಪೊಲೀಸರು ಅಳೆಯುವ ಹೊತ್ತಿಗೆ ಅದು ಕಾನೂನಿನ ಎತ್ತರದಲ್ಲಿರುತ್ತಿತ್ತು! ಈ ಜನರ ಬದುಕನ್ನು ಕುರಿತ ‘ಲೋರೈಡರ್’ ಪತ್ರಿಕೆ 1977ರಲ್ಲಿ ಹುಟ್ಟಿದ್ದು, ನಾವಿದ್ದ ಅದೇ ಸ್ಯಾನ್ ಹೋಸೆಯಲ್ಲಿ, ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕೈಯಲ್ಲಿ.

ಮುಂದಿನ ಅಧ್ಯಾಯ ಚಿಕ್ಕ ಪಿಕಪ್ಪುಗಳದು. 1970ರ ದಶಕದಲ್ಲಿ ಜಪಾನಿನಿಂದ ಬಂದ ಡಾಟ್ಸನ್, ಟೊಯೋಟಾ ಗಾಡಿಗಳು, 1982ರ ಮಾದರಿಯಾಗಿ ಬಂದ ಷೆವರ್ಲೆ ಎಸ್-10 ಮುಂತಾದವು ಹುಡುಗರ ಕೈಗೆಟುಕುವ ಬೆಲೆಯಲ್ಲಿದ್ದವು. ಅವರು ಉಕ್ಕಿನ ಸ್ಪ್ರಿಂಗುಗಳನ್ನು ತೆಗೆದು ಗಾಳಿಚೀಲಗಳನ್ನು ಕೂರಿಸಿದರು. ಗಾಳಿ ಬಿಟ್ಟರೆ ಚಾಸಿ ನೆಲಕ್ಕೆ ತಾಗುತ್ತಿತ್ತು. ಆದರೆ ಬಾಡಿ ಚಾಸಿಗಿಂತ ಮೇಲೆ ಕುಳಿತಿರುವುದರಿಂದ, ಬಾಗಿಲ ಕೆಳಗಿನ ಅಂಚಿಗೂ ನೆಲಕ್ಕೂ ಮಧ್ಯೆ ಎರಡು ಮೂರು ಅಂಗುಲ ಸಂದು ಉಳಿದೇ ಉಳಿಯುತ್ತಿತ್ತು. ಆ ಸಂದನ್ನು ಮುಚ್ಚಲು 1990ರ ದಶಕದಲ್ಲಿ ಇವರು ಹಿಡಿದದ್ದು ಮತ್ತೆ ಅಜ್ಜಂದಿರ ಚಾನಲಿಂಗ್ ವಿದ್ಯೆಯನ್ನೇ. ಹೆಸರು ಮಾತ್ರ ‘ಬಾಡಿ ಡ್ರಾಪ್’ ಎಂದಾಯಿತು. ನೆರೆಯವರ ಮಗ ಈ ಪೀಳಿಗೆಯವನು. ಹೀಗೆ ತಂದೆಯ ಲೋರೈಡರ್ ಪರಂಪರೆಯೂ ಮಗನ ಚಿಕ್ಕ ಟ್ರಕ್ಕಿನ ಪರಂಪರೆಯೂ ಆ ಷೆಡ್ಡಿನಲ್ಲಿ ಕೂಡಿದ್ದವು.

ಅವರ ಕೆಲಸವನ್ನು ನಾನು ಎರಡು ತಿಂಗಳು ಕುರ್ಚಿ ಹಾಕಿಕೊಂಡು ನೋಡಿದೆ. ಮೊದಲು ತೊಟ್ಟಿಯನ್ನು ಬಿಚ್ಚಿ ಕೆಳಗಿಟ್ಟರು. ಸೀಟು, ಅದರ ಹಿಂದೆ ಕ್ಯಾಬಿನ್ನಿನೊಳಗೇ ಇರುವ ಪೆಟ್ರೋಲ್ ಟ್ಯಾಂಕು, ವೈರುಗಳು ಎಲ್ಲವೂ ಹೊರಬಂದವು. ನೆಲ ಕೊಯ್ದ ಮೇಲೆ ಕ್ಯಾಬಿನ್ನು ತಿರುಚಿಕೊಂಡರೆ ಬಾಗಿಲು ಎಂದಿಗೂ ಸರಿಯಾಗಿ ಮುಚ್ಚದು. ಆದ್ದರಿಂದ ಕೊಯ್ಯುವುದಕ್ಕೆ ಮುನ್ನವೇ ಒಳಗೆ ಅಡ್ಡಡ್ಡ ಕಬ್ಬಿಣದ ಪೈಪುಗಳನ್ನು ಬೆಸೆದು ಬಿಗಿ ಮಾಡಿದ್ದರು. ನೆಲ ಬಿಡುಗಡೆಯಾದ ನಂತರ ನಾಲ್ಕು ಮೂಲೆಯ ಜಾಕಿಗಳನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾ, ಪ್ರತಿಸಲವೂ ಟೇಪು ಹಿಡಿದು ಅಳೆಯುತ್ತಾ, ಮೂರು ಅಂಗುಲ ತಗ್ಗಿಸಲು ಒಂದು ಇಡೀ ಮಧ್ಯಾಹ್ನ ತೆಗೆದುಕೊಂಡರು. ನೆಲ ಚಾಸಿಯ ಮೇಲೆ ತನ್ನ ಹಳೆಯ ಜಾಗದಲ್ಲೇ ಉಳಿಯಿತು. ಅದರ ಸುತ್ತಲಿನ ಗೋಡೆ ಮಾತ್ರ ಇಳಿಯಿತು.

ಅಲ್ಲಿಂದ ಮುಂದೆ ಶುರುವಾದದ್ದೇ ಲೆಕ್ಕ. ಬಾನೆಟ್ಟು ಮೂರು ಅಂಗುಲ ಇಳಿದದ್ದರಿಂದ ಎಂಜಿನ್ನಿನ ನೆತ್ತಿ ಅದಕ್ಕೆ ತಾಗಿತು. ರೇಡಿಯೇಟರಿನ ಚೌಕಟ್ಟನ್ನು ಮರುರೂಪಿಸಬೇಕಾಯಿತು. ಸ್ಟೇರಿಂಗಿನ ದಂಡದ ಕೋನ ಬದಲಾಯಿತು. ಮುಂಗೋಡೆಯಿಂದ ಇಳಿಬಿದ್ದಿದ್ದ ಬ್ರೇಕಿನ ಪೆಡಲು ನೆಲಕ್ಕೆ ತೀರ ಸಮೀಪವಾಯಿತು. ತೊಟ್ಟಿಯ ನೆಲವನ್ನು ಅಷ್ಟೇ ಎತ್ತರಿಸಬೇಕಾದ್ದರಿಂದ ತೊಟ್ಟಿಯ ಆಳ ಕಡಿಮೆಯಾಯಿತು. ಇನ್ನು ಸೀಟಿನಲ್ಲಿ ಕುಳಿತರೆ ಸೂರು ಮೂರು ಅಂಗುಲ ತಲೆಗೆ ಹತ್ತಿರ! ಹೊರಗೆ ಇಳಿದದ್ದು ಎಲ್ಲಿಯೂ ಮಾಯವಾಗುವುದಿಲ್ಲ. ಅಷ್ಟನ್ನೂ ಒಳಗಿನಿಂದ ತುಂಬಿಕೊಡಬೇಕು.

ಒಂದು ದಿನ ಧೈರ್ಯ ಮಾಡಿ ಕೇಳಿದೆ: “ಇಷ್ಟೊಂದು ಕಷ್ಟಪಟ್ಟು ಗಾಡಿಯ ಉಪಯೋಗವನ್ನೇ ಕಡಿಮೆ ಮಾಡಿಕೊಂಡಿರಲ್ಲ?” ಅವರು ತಕ್ಷಣ ಉತ್ತರಿಸಲಿಲ್ಲ. ಆ ಗಾಡಿ ಅವರ ತಂದೆಯದಂತೆ. ಸ್ಯಾನ್ ಹೋಸೆಯ ಸುತ್ತ ಇನ್ನೂ ಏಪ್ರಿಕಾಟ್, ಪ್ಲಮ್ ತೋಟಗಳಿದ್ದ ಕಾಲದಲ್ಲಿ ಅದರಲ್ಲಿ ಏಣಿಗಳನ್ನೂ ಹಣ್ಣಿನ ಪೆಟ್ಟಿಗೆಗಳನ್ನೂ ಹೇರುತ್ತಿದ್ದರಂತೆ. “ಅಪ್ಪ ಇದರಲ್ಲಿ ಬೇರೆಯವರ ಹಣ್ಣು ಹೊತ್ತರು, ಮಾಯೆಸ್ತ್ರೋ. ಇನ್ನು ಇದು ಏನನ್ನೂ ಹೊರುವುದು ಬೇಡ” ಎಂದರು. ಮಗ ತಲೆ ಎತ್ತದೆ ಬೆಸುಗೆ ಹಾಕುತ್ತಿದ್ದ.

2023ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ರಾಜ್ಯಪಾಲರು ಸಹಿ ಹಾಕಿದ ಹೊಸ ಕಾಯಿದೆ 2024ರ ಜನವರಿ 1ರಿಂದ ಜಾರಿಗೆ ಬಂದು, 1958ರ ಆ ರಿಮ್ಮಿನ ಕಲಮು ರದ್ದಾಯಿತು. ಬೀದಿಯ ನಿಧಾನ ಸವಾರಿಯನ್ನು ನಿಷೇಧಿಸಲು ನಗರಗಳಿಗಿದ್ದ ಅಧಿಕಾರವೂ ಹೋಯಿತು. ಅರವತ್ತಾರು ವರ್ಷ! ಮಗಳ ಮೂಲಕ ಅವರಿಗೆ ಅಭಿನಂದನೆ ಕಳಿಸಿದ್ದೆ. “ನನ್ನ ಮೂರು ದಂಡದ ಹಣ ವಾಪಸು ಬರುತ್ತದೆಯೇ ಎಂದು ಮಾಯೆಸ್ತ್ರೋ ವಿಚಾರಿಸಲಿ” ಎಂದು ಉತ್ತರ ಬಂತು.

ಈಗ ನನ್ನದೇ ಒಂದು ಹಳೆಯ ದಂಡದ ವಿಷಯ. 1984ರಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ತನ್ನ ಸೈಕಲ್ಲಿನ ಸೀಟಿನ ಕಂಬಿಯನ್ನು ಗರಗಸದಿಂದ ಕೊಯ್ದು ತಗ್ಗಿಸಿ, ಮಡ್‌ಗಾರ್ಡು ಬಿಚ್ಚಿ, ಹ್ಯಾಂಡಲ್ ತಿರುಗಿಸಿಕೊಂಡು ಶಾಲೆಗೆ ಬಂದ. ಮೊಣಕಾಲು ಎದೆಗೆ ತಾಗುವಂತೆ ತುಳಿಯುತ್ತಿದ್ದ. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ಅವನನ್ನು ನಿಲ್ಲಿಸಿ, “ಅಪ್ಪ ಸಾಲ ಮಾಡಿ ಕೊಡಿಸಿದ್ದನ್ನು ಹಾಳು ಮಾಡಿದ ಪುಣ್ಯಾತ್ಮ” ಎಂದು ಗೇಲಿ ಮಾಡಿದೆ. ಇಡೀ ಶಾಲೆ ನಕ್ಕಿತು. ಮರುದಿನದಿಂದ ಅವನು ನಡೆದು ಬರತೊಡಗಿದ. ಸಾಲದ ಮಾತು ನಿಜವಾಗಿತ್ತು, ಆದರೆ ಅದು ಎಲ್ಲರೆದುರು ಆಡುವ ಮಾತಾಗಿರಲಿಲ್ಲ. ಆ ಷೆಡ್ಡಿನ ಮುಂದೆ ಕುಳಿತಿದ್ದಾಗ ಅವನ ಮುಖ ನನಗೆ ಹಲವು ಬಾರಿ ನೆನಪಾಯಿತು.

ಆ ಬ್ಯಾಚಿನ ಕೆಲವರು ಈ ಪುಟವನ್ನು ಓದುತ್ತೀರೆಂದು ಬಲ್ಲೆ. ಅವನ ಸಂಪರ್ಕ ಯಾರಿಗಾದರೂ ಇದ್ದರೆ ಇದನ್ನು ತಲುಪಿಸಿರಿ. ಅಂದು ಬೈಯುವ ಮೊದಲು ಕೇಳಬೇಕಾಗಿದ್ದ ಪ್ರಶ್ನೆಯನ್ನು ಈಗ ಕೇಳುತ್ತಿದ್ದೇನೆ: ಸೀಟನ್ನು ಎಷ್ಟು ಅಂಗುಲ ಇಳಿಸಿದ್ದೆಯಪ್ಪಾ, ಏಕೆ ಇಳಿಸಿದ್ದೆ?