ಮುಸ್ಸಂಜೆ ಹೊತ್ತು ಕರು ಎಡವುತ್ತಿದೆಯೇ? ವಿಟಮಿನ್ ಎ ಕೊರತೆ ಇರಬಹುದು, ಹೀಗೆ ಪರೀಕ್ಷಿಸಿ

ಸೇಡಂ: ಬ್ಯಾಸಗಿ ಬಂತೆಂದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದಲ್ಲಿ ಹಸಿ ಮೇವು ಸಿಗುವುದು ಕಷ್ಟ. ಜೋಳದ ಕಣಕಿ, ತೊಗರಿ ಹೊಟ್ಟೇ ದನಗಳಿಗೆ ಆಸರೆ. ಇದರಿಂದ ಹೊಟ್ಟೆ ತುಂಬುತ್ತದೆ, ಆದರೆ ವಿಟಮಿನ್ ಎ ಸಿಗಲ್ಲ. ಹಸಿರು ಮೇವಿನ ಕ್ಯಾರೊಟಿನ್ ದನದ ಮೈಯಲ್ಲಿ ವಿಟಮಿನ್ ಎ ಆಗಿ ಬದಲಾಗುತ್ತದೆ. ಬಿಸಿಲಿಗೆ ಒಣಗಿ ತಿಂಗಳುಗಟ್ಟಲೆ ಬಣವಿಯಲ್ಲಿದ್ದ ಕಣಕಿಯಲ್ಲಿ ಕ್ಯಾರೊಟಿನ್ ಬಹುತೇಕ ಹೋಗಿರುತ್ತದೆ.

ಕರುವಿಗೇ ಮೊದಲ ಪೆಟ್ಟು

ದೊಡ್ಡ ದನ ಹಸಿ ಮೇವು ತಿಂದ ದಿನಗಳಲ್ಲಿ ಲಿವರ್‌ನಲ್ಲಿ ವಿಟಮಿನ್ ಎ ಕೂಡಿಟ್ಟುಕೊಂಡಿರುತ್ತದೆ. ಕರು ಹುಟ್ಟುವಾಗ ಆ ಸಂಗ್ರಹ ತೀರಾ ಕಡಿಮೆ. ಗಿಣ್ಣದ ಹಾಲೇ ಅದಕ್ಕೆ ಮೊದಲ ಆಧಾರ. ಗಿಣ್ಣ ಮಾರಿದರೆ, ಇಲ್ಲವೇ ಗಬ್ಬದ ಆಕಳಿಗೆ ಬರೀ ಕಣಕಿ ಹಾಕಿದರೆ ಕರುವಿಗೆ ಕೊರತೆ ಬೀಳುತ್ತದೆ.

ಮನೆಯಲ್ಲಿ ನೋಡುವುದು ಹೇಗೆ?

* ಕತ್ತಲಾಗುವ ಹೊತ್ತಿಗೆ ಅಂಗಳದಲ್ಲಿ ಬಕೆಟ್, ಹುಲ್ಲಿನ ಹೊರೆ ಇಟ್ಟು ಕರುವನ್ನು ಬಿಡಿ. ಹಗಲಲ್ಲಿ ಸರಿಯಾಗಿ ನಡೆದು, ಮಬ್ಬಿನಲ್ಲಿ ಎಡವಿದರೆ ಇರುಳುಗಣ್ಣಿನ ಅನುಮಾನ ಪಡಬೇಕು.
* ಕಣ್ಣಲ್ಲಿ ನೀರು, ಒರಟು ಕೂದಲು, ಪದೇಪದೇ ಭೇದಿ, ಕೆಮ್ಮು ಇವೆಯೇ ನೋಡಿ. ಜಂತುಹುಳದಿಂದಲೂ ಇವುಗಳಲ್ಲಿ ಕೆಲವು ಬರುತ್ತವೆ. ಇಷ್ಟರಿಂದಲೇ ತೀರ್ಮಾನ ಬೇಡ.
* ಹಗಲಲ್ಲೂ ಕಣ್ಣು ಕಾಣದಿದ್ದರೆ, ಫಿಟ್ಸ್ ಬಂದರೆ ತಡ ಮಾಡಬೇಡಿ. ಕಣ್ಣಿನ ನರ ಹಾಳಾದ ಮೇಲೆ ಔಷಧ ಕೊಟ್ಟರೂ ದೃಷ್ಟಿ ಮರಳಲ್ಲ.

ರಕ್ತ ಪರೀಕ್ಷೆ

100 ಮಿ.ಲೀ. ರಕ್ತದ್ರವದಲ್ಲಿ ವಿಟಮಿನ್ ಎ 20 ಮೈಕ್ರೊಗ್ರಾಂಗಿಂತ ಕಡಿಮೆ ಇದ್ದರೆ ಕೊರತೆಯ ಶಂಕೆ. ಆದರೆ ಲಿವರ್‌ನ ಸಂಗ್ರಹ ಬಹುತೇಕ ಮುಗಿಯುವ ತನಕ ರಕ್ತದ ಪ್ರಮಾಣ ಇಳಿಯುವುದಿಲ್ಲ. ರಿಪೋರ್ಟ್ ನಾರ್ಮಲ್ ಬಂದರೂ ಸಂಗ್ರಹ ಕರಗುತ್ತಿರಬಹುದು. ಹೀಗಾಗಿ ಕಳೆದ ಕೆಲ ತಿಂಗಳು ಏನು ಮೇವು ಹಾಕಿದ್ದೀರಿ ಎಂಬುದನ್ನೂ ಡಾಕ್ಟರ್‌ಗೆ ಹೇಳಿ. ಸ್ಯಾಂಪಲ್‌ಗೆ ಬೆಳಕು ಬೀಳದಂತೆ ಸಾಗಿಸಬೇಕು.

ಎಮ್ಮೆ ಹಾಲು ಬಿಳಿ ಇದೆ ಎಂದು ಹೆದರಬೇಕಿಲ್ಲ. ಎಮ್ಮೆ ಕ್ಯಾರೊಟಿನ್ ಅನ್ನು ವಿಟಮಿನ್ ಎ ಆಗಿ ಬದಲಿಸಿಯೇ ಹಾಲಿಗೆ ಬಿಡುತ್ತದೆ.

ಏನು ಮಾಡಬೇಕು?

ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣ ಕುಡಿಸಿ. 25 ಕೆ.ಜಿ. ಕರುವಿಗೆ ಸುಮಾರು ಎರಡೂವರೆ ಲೀಟರ್ ಬೇಕು. ಬೋರ್‌ವೆಲ್ ನೀರಿದ್ದವರು ಬದುವಿನಲ್ಲಿ ನೇಪಿಯರ್, ಕುದುರೆ ಮೆಂತೆ, ನುಗ್ಗೆ ಬೆಳೆಸಬಹುದು.

ಪಶು ಆಹಾರದ ಅಂಗಡಿಯವರೂ ಗಮನಿಸಬೇಕು. ಹಿಂಡಿಯಿಂದ ಈ ಕೊರತೆ ನೀಗಲ್ಲ. ಎಲ್ಲ ಖನಿಜ ಮಿಶ್ರಣದಲ್ಲೂ ವಿಟಮಿನ್ ಎ ಇರಲ್ಲ, ಚೀಲದ ಮೇಲಿನ ಲೇಬಲ್, ತಾರೀಖು ಓದಿ ಕೊಡಿ. ಬಿಸಿಲಲ್ಲಿಟ್ಟ ಚೀಲದಲ್ಲಿ ವಿಟಮಿನ್ ಕಡಿಮೆಯಾಗುತ್ತದೆ.

ಇಂಜೆಕ್ಷನ್ ಸ್ವಂತವಾಗಿ ಹಾಕಬೇಡಿ. ವಿಟಮಿನ್ ಎ ಹೆಚ್ಚಾದರೂ ವಿಷವೇ. ಹತ್ತಿರದ ಪಶು ಆಸ್ಪತ್ರೆಗೆ ಹೋಗಿ, ಇಲ್ಲವೇ ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆ ಮಾಡಿ.